ಹಲ್ಲಿನ ಸ್ಕ್ರೂ ಮತ್ತು ಮೈಯೊಳಗಿನ ಲೋಹದ ಧೂಳು

ದೋಣಿಮಲೈಯಲ್ಲಿ ಸಂಸಾರ ಮಾಡುವ ಗೃಹಿಣಿಗೆ ಧೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಮತ್ತೆ ಕೆಂಪು. ಮಕ್ಕಳ ಬಿಳಿ ಯೂನಿಫಾರಂ ಒಣಹಾಕಿ ಮರೆತರೆ ಮುಗಿಯಿತು, ಇನ್ನೊಂದು ಸಲ ನೆನೆಸಲೇಬೇಕು. ಬೀರುವಿನೊಳಗೆ ಮಡಿಚಿಟ್ಟ ರೇಷ್ಮೆ ಸೀರೆಯ ಮಡಿಕೆಯಲ್ಲೂ ಅದು ಹೇಗೋ ಹೋಗಿ ಕೂತಿರುತ್ತದೆ! 1977ರಲ್ಲಿ ಎನ್‌ಎಂಡಿಸಿ ಇಲ್ಲಿ ಅದಿರು ತೆಗೆಯಲು ಶುರು ಮಾಡಿದಾಗಿನಿಂದ ಈ ಕೆಂಪು ನಮ್ಮ ಮನೆಯ ಸದಸ್ಯನೇ ಆಗಿಬಿಟ್ಟಿದೆ. ಲೋಹ ಎಂದರೆ ಗಟ್ಟಿ, ಇಟ್ಟ ಕಡೆ ಇರುತ್ತದೆ ಎಂದು ನೀವು ಅಂದುಕೊಂಡಿರಬಹುದು. ಪುಡಿಯಾದರೆ ಅದು ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ನಮ್ಮೂರಿಗೆ ಬಂದು ನೋಡಿ.

ಹಾಗಾಗಿಯೇ ಕಳೆದ ಶ್ರಾವಣದಲ್ಲಿ ನಮ್ಮ ಅತ್ತೆಯವರು ಭಜನೆ ಮುಗಿಸಿ ಬಂದು, "ನೋಡವ್ವಾ, ಬಾಯಾಗಿನ ಕಬ್ಬಿಣ ಸವೆದು ಮೈಯೆಲ್ಲಾ ಹರಡ್ತೈತಂತೆ, ಮೆದುಳಿಗೂ ಏರ್ತೈತಂತೆ. ಈ ಮೊಳೆ ನನಗ ಬ್ಯಾಡ, ಕೀಳಿಸಿಬಿಡ್ರಿ" ಎಂದಾಗ ನಾನು ನಗಲಿಲ್ಲ.

ಅವರು ಹೇಳುತ್ತಿದ್ದ ಮೊಳೆ ಎಂದರೆ ದಂತ ಇಂಪ್ಲಾಂಟ್. ಆರು ವರ್ಷಗಳ ಹಿಂದೆ ಹೊಸಪೇಟೆಯ ಒಂದು ಕ್ಲಿನಿಕ್ಕಿನಲ್ಲಿ, ಬಲಗಡೆಯ ಕೆಳದವಡೆಯಲ್ಲಿ ಹಾಕಿಸಿದ್ದು. ಹಾಕಿಸಿದ ಮೇಲೆ ಜೋಳದ ರೊಟ್ಟಿ ಏನು, ಹುರಿಗಡಲೆ ಏನು, ಎಲ್ಲ ಸಲೀಸು. ಭಜನೆಯಲ್ಲಿ ಯಾರೋ ಫೋನಿನಲ್ಲಿ ಬಂದದ್ದನ್ನು ಓದಿ ಹೇಳಿದ ದಿನದಿಂದ ಬಲಗಡೆ ಅಗಿಯುವುದನ್ನೇ ಬಿಟ್ಟರು. ನನ್ನ ಮಗನೋ ಮಹಾ ವಿಜ್ಞಾನಿ! ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ಕಿತ್ತು ತಂದು ಅಜ್ಜಿಯ ಕೆನ್ನೆಗೆ ಹಚ್ಚಿ ನೋಡಿದ. ಅಂಟಲಿಲ್ಲ. "ಅಜ್ಜಿ, ಇದು ಕಬ್ಬಿಣ ಅಲ್ಲವೇ ಅಲ್ಲ" ಎಂದು ತೀರ್ಪು ಕೊಟ್ಟ. ಅವನು ಹೇಳಿದ್ದು ಸರಿಯೇ. ಆದರೆ ಅತ್ತೆಯ ಪ್ರಶ್ನೆ ಅಲ್ಲಿಗೆ ಮುಗಿಯುವಂಥದ್ದಲ್ಲವಲ್ಲ. ನಾನು ಓದಲು ಕೂತೆ, ಇಬ್ಬರು ದಂತವೈದ್ಯರನ್ನು ಕಾಡಿದೆ. ನಿಮ್ಮ ಮನೆಯಲ್ಲೂ ಅಪ್ಪನಿಗೋ ಅಮ್ಮನಿಗೋ, ಸ್ವತಃ ನಿಮಗೋ ಇಂಥ ಹಲ್ಲು ಇರಬಹುದು, ಅಥವಾ ಹಾಕಿಸುವ ಮಾತು ನಡೆದಿರಬಹುದು. ಅದಕ್ಕೇ ಈ ಬರಹ.

ಮೊಳೆಯಲ್ಲ, ಸ್ಕ್ರೂ

ಇಂಪ್ಲಾಂಟ್‌ನಲ್ಲಿ ಮೂರು ತುಂಡುಗಳಿರುತ್ತವೆ. ದವಡೆಯ ಮೂಳೆಯೊಳಗೆ ಕೂರುವ ಸ್ಕ್ರೂ, ಸುಮಾರು ಒಂದು ಸೆಂಟಿಮೀಟರ್ ಉದ್ದ, ತೂಕ ಒಂದು ಗ್ರಾಮಿಗೂ ಕಡಿಮೆ. ಅದರ ಮೇಲೆ ಒಸಡಿನಿಂದ ಹೊರಗೆ ಇಣುಕುವ ಕಂಬ, ಅದಕ್ಕೆ ಅಬಟ್‌ಮೆಂಟ್ ಎನ್ನುತ್ತಾರೆ. ಇದನ್ನು ಸಾಮಾನ್ಯವಾಗಿ ಇನ್ನೊಂದು ಚಿಕ್ಕ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಕಂಬದ ಮೇಲೆ ನಮ್ಮ ಕಣ್ಣಿಗೆ ಕಾಣುವ ಹಲ್ಲು, ಅಂದರೆ ಕ್ಯಾಪ್. ಮೂಳೆಯೊಳಗಿನ ಸ್ಕ್ರೂ ಬಹುಪಾಲು ಟೈಟೇನಿಯಂ ಲೋಹದ್ದು. ಕೆಲವದರಲ್ಲಿ ಶುದ್ಧ ಟೈಟೇನಿಯಂ, ಇನ್ನು ಕೆಲವದರಲ್ಲಿ ಗಟ್ಟಿತನಕ್ಕಾಗಿ ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ ಬೆರೆಸಿದ ಮಿಶ್ರಲೋಹ.

ಟೈಟೇನಿಯಂ ಮೂಳೆಗೆ ಅಂಟಿಕೊಳ್ಳುತ್ತದೆ ಎಂದು ಗೊತ್ತಾದದ್ದು ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯರು ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟೇನಿಯಂನ ಪುಟ್ಟ ಉಪಕರಣ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನು ಕಚ್ಚಿ ಹಿಡಿದಿತ್ತು! 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬುವವರ ದವಡೆಗೆ ಮೊದಲ ಸಲ ಇದನ್ನು ಹಾಕಿದರು. ಆತ ತೀರಿಕೊಂಡದ್ದು 2006ರಲ್ಲಿ. ನಲವತ್ತು ವರ್ಷ ಅದೇ ಸ್ಕ್ರೂಗಳ ಮೇಲೆ ನಿಂತ ಹಲ್ಲಿನಲ್ಲಿ ಊಟ ಮಾಡಿದರು. ಇದನ್ನು ಹೇಳಿದಾಗ ನಮ್ಮ ಅತ್ತೆಯ ಮುಖ ಸ್ವಲ್ಪ ಸಡಿಲಾಯಿತು ಅನ್ನಿ.

ಟೈಟೇನಿಯಂ ಇಷ್ಟು ಸಾಧು ಆಗಿರಲು ಕಾರಣ ಅದರ ಮೈಮೇಲಿನ ತೆಳು ಪೊರೆ. ಕಾಯಿಸಿ ಇಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಚಮಚದಿಂದ ಸರಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟುತ್ತದಲ್ಲ, ಹಾಗೆ. ಗಾಳಿ ತಾಗಿದ ತಕ್ಷಣ ಈ ಲೋಹದ ಮೇಲೆ ಆಕ್ಸೈಡಿನ ಕೆನೆ ಕಟ್ಟುತ್ತದೆ, ಗೀರಿದರೆ ಕ್ಷಣಾರ್ಧದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ನಮ್ಮ ಒಂದು ತಲೆಗೂದಲಿನ ದಪ್ಪಕ್ಕೆ ಇಂಥ ಸಾವಿರಾರು ಪೊರೆಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಈ ಕೆನೆ ಇರುವ ತನಕ ಕೆಳಗಿನ ಲೋಹ ಬಾಯಿಯ ನೀರಿಗೆ, ರಕ್ತಕ್ಕೆ ಸಿಗುವುದಿಲ್ಲ.

ಹಾಗಾದರೆ ಧೂಳು ಬರುವುದು ಸುಳ್ಳಾ?

ಸುಳ್ಳಲ್ಲ. ಭಜನೆಯ ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಆ ಅರ್ಧವನ್ನು ಮುಚ್ಚಿಟ್ಟರೆ ಉಳಿದರ್ಧಕ್ಕೆ ಉತ್ತರ ಕೊಡಲು ಆಗುವುದಿಲ್ಲ.

ಮೊದಲನೆಯದು, ಹಾಕುವಾಗಲೇ ಸ್ವಲ್ಪ ಉದುರುತ್ತದೆ. ಗಟ್ಟಿ ಮೂಳೆಗೆ ಸ್ಕ್ರೂ ತಿರುಗಿಸಿ ಬಿಗಿಯುವಾಗ ಅದರ ಒರಟು ಮೈ ಉಜ್ಜಿ ಕಣಗಳು ಅಲ್ಲೇ ಮೂಳೆಯಲ್ಲಿ ಉಳಿಯುತ್ತವೆ. ಎರಡನೆಯದು ಕಂಬ ಮತ್ತು ಸ್ಕ್ರೂ ಕೂಡುವ ಜಾಗ. ನಾವು ಅಗಿದಾಗಲೆಲ್ಲ ಅಲ್ಲಿ ಕೂದಲೆಳೆಯಷ್ಟೂ ಅಲ್ಲದ ಒಂದು ಅಲುಗಾಟ ಇರುತ್ತದೆ. ಬಿಗಿಯಾಗಿದ್ದರೆ ಪರವಾಗಿಲ್ಲ, ಸಡಿಲವಾದರೆ ಲೋಹಕ್ಕೆ ಲೋಹ ತಿಕ್ಕುತ್ತದೆ. ಬೀಸುವ ಕಲ್ಲಿನ ಗೂಟ ಸಡಿಲಾದರೆ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರುತ್ತಿತ್ತಲ್ಲ, ಅದೇ ಕಥೆ.

ಮೂರನೆಯದು ಹುಳಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಸಾರು ಇಡಬೇಡ, ಕಿಲುಬು ಏಳುತ್ತದೆ ಎಂದು ನಮ್ಮ ಅಜ್ಜಿಯರು ಬಯ್ಯುತ್ತಿದ್ದದ್ದು ನೆನಪಿದೆಯೇ? ಬಾಯಿಯಲ್ಲೂ ಹಾಗೇ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದರೆ ಅದರೊಳಗಿನ ರೋಗಾಣುಗಳು ಆಮ್ಲ ಸುರಿಸುತ್ತವೆ. ಟೈಟೇನಿಯಂನ ಕೆನೆಯನ್ನು ಈ ಹುಳಿ ನಿಧಾನಕ್ಕೆ ಕೆಡಿಸುತ್ತದೆ. ಹುಳಿಯ ಜೊತೆ ಫ್ಲೋರೈಡ್ ಸೇರಿದರೆ ಇನ್ನೂ ಬೇಗ. ಇಲ್ಲಿ ಗಾಬರಿ ಬೇಡ, ನಮ್ಮ ಬಳ್ಳಾರಿ ಸೀಮೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇರುವ ಮಾತು ನಿಮಗೆ ಗೊತ್ತೇ ಇದೆ. ಅದು ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಮೂಡಿಸುತ್ತದೆ ನಿಜ, ಆದರೆ ಟೈಟೇನಿಯಂ ತಿನ್ನಲು ಆ ಪ್ರಮಾಣ ಸಾಲದು. ದಿನಾ ಬಳಸುವ ಪೇಸ್ಟ್ ಕೂಡ ಪರವಾಗಿಲ್ಲ. ಕ್ಲಿನಿಕ್ಕಿನಲ್ಲಿ ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್ ವಿಷಯದಲ್ಲಿ ಮಾತ್ರ "ನನಗೆ ಇಂಪ್ಲಾಂಟ್ ಇದೆ" ಎಂದು ಮೊದಲೇ ಹೇಳಿಬಿಡಿ.

ನಾಲ್ಕನೆಯದು ನನಗೆ ನಿಜಕ್ಕೂ ಆಶ್ಚರ್ಯ ತಂದದ್ದು: ಕ್ಲೀನಿಂಗ್! ಸ್ವಂತ ಹಲ್ಲಿನ ಗಾರೆ ಕೆರೆಯುವ ಸ್ಟೀಲಿನ ಉಪಕರಣದಿಂದಲೇ ಇಂಪ್ಲಾಂಟನ್ನೂ ಕೆರೆದರೆ ಅದರ ಮೈ ಗೀರಿ ಪುಡಿ ಏಳುತ್ತದೆ. ನಾನ್‌ಸ್ಟಿಕ್ ತವಾಕ್ಕೆ ಸ್ಟೀಲಿನ ಮೊಗಚೆ ಕೈ ಹಾಕಿದ ಹಾಗೆ.

ಎಲ್ಲಿಗೆ ಹೋಗುತ್ತದೆ?

ಹೆಚ್ಚಿನ ಪಾಲು ಎಲ್ಲಿಗೂ ಹೋಗುವುದಿಲ್ಲ, ಪಕ್ಕದ ಒಸಡು ಮತ್ತು ಮೂಳೆಯಲ್ಲೇ ಕೂರುತ್ತದೆ. 2016ರಲ್ಲಿ ಜರ್ಮನಿಯ ಸಂಶೋಧಕರು ಇಂಪ್ಲಾಂಟ್ ಇದ್ದ ಮನುಷ್ಯರ ದವಡೆ ಮೂಳೆಗಳನ್ನು ಪರೀಕ್ಷಿಸಿ ಅರ್ಧ ಮೈಕ್ರಾನ್‌ನಿಂದ 40 ಮೈಕ್ರಾನ್ ಗಾತ್ರದ ಟೈಟೇನಿಯಂ ಕಣಗಳನ್ನು ಕಂಡಿದ್ದಾರೆ. ದೊಡ್ಡ ಕಣ ಎಂದರೂ ಒಂದು ಕೂದಲಿಗಿಂತ ತೆಳು.

ಮೈಯೊಳಗೆ ಕಸ ಗುಡಿಸುವ ಜೀವಕೋಶಗಳಿವೆ, ಮ್ಯಾಕ್ರೋಫೇಜ್ ಎಂದು ಹೆಸರು. ಬೇಡದ್ದು ಕಂಡರೆ ನುಂಗಿ ಅರಗಿಸುವುದು ಇವುಗಳ ಕೆಲಸ. ರೋಗಾಣುವನ್ನು ಅರಗಿಸುತ್ತವೆ, ಲೋಹವನ್ನು ಹೇಗೆ ಅರಗಿಸಿಯಾವು? ನುಂಗಿದ ಕಣ ಹೊಟ್ಟೆಯಲ್ಲೇ ಇಟ್ಟುಕೊಂಡು ಕೆಲವು ಅಲ್ಲೇ ಉಳಿಯುತ್ತವೆ, ಕೆಲವು ಅದನ್ನು ಹೊತ್ತು ದುಗ್ಧರಸ ಗ್ರಂಥಿಗಳಿಗೆ ನಡೆಯುತ್ತವೆ. ಗಂಟಲು ಕೆಟ್ಟಾಗ ಕತ್ತಿನ ಪಕ್ಕ ಊದಿಕೊಳ್ಳುವ ಗಂಟುಗಳೇ ಅವು.

ಇದು ಲೋಹಕ್ಕೆ ಮಾತ್ರ ಆಗುವಂಥದ್ದಲ್ಲ. ನಮ್ಮ ಸಂಡೂರಿನ ಸುತ್ತಮುತ್ತಲ ತಾಂಡಾಗಳಲ್ಲಿ ವಯಸ್ಸಾದ ಲಂಬಾಣಿ ಅಜ್ಜಿಯರ ಕೈಮೇಲೆ, ಗಲ್ಲದ ಮೇಲೆ ಹಚ್ಚೆ ನೋಡಿದ್ದೀರಲ್ಲ? ಸೂಜಿಯಿಂದ ಚುಚ್ಚಿದ ಬಣ್ಣವೂ ಚುಚ್ಚಿದ ಜಾಗದಲ್ಲೇ ಪೂರ್ತಿ ನಿಲ್ಲುವುದಿಲ್ಲ. 2017ರಲ್ಲಿ ಜರ್ಮನಿ ಮತ್ತು ಫ್ರಾನ್ಸ್‌ನ ವಿಜ್ಞಾನಿಗಳು ಆಧುನಿಕ ಟ್ಯಾಟೂ ಹಾಕಿಸಿಕೊಂಡಿದ್ದು ತೀರಿಕೊಂಡವರ ದೇಹಗಳನ್ನು ಪರೀಕ್ಷಿಸಿದರು. ದುಗ್ಧರಸ ಗ್ರಂಥಿಗಳು ಚರ್ಮದ ಬಣ್ಣವನ್ನೇ ತಳೆದಿದ್ದವು! ಬಿಳಿ ಬಣ್ಣಕ್ಕೆ ಬಳಸುವ ಟೈಟೇನಿಯಂ ಡೈಆಕ್ಸೈಡ್ ಕೂಡ ಅಲ್ಲಿ ಸಿಕ್ಕಿತು.

ಇನ್ನೂ ದೂರ ಹೋಗುವುದುಂಟೇ? ಉಂಟು. 1993ರ ಒಂದು ಪ್ರಯೋಗದಲ್ಲಿ ಪುಟ್ಟ ತಳಿಯ ಹಂದಿಗಳ ದವಡೆಗೆ ಟೈಟೇನಿಯಂ ಸ್ಕ್ರೂ ಹಾಕಿ ಕೆಲವು ತಿಂಗಳ ನಂತರ ನೋಡಿದಾಗ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತಿನಲ್ಲಿ ಲೋಹದ ಗುರುತು ಸಿಕ್ಕಿತ್ತು. ಮನುಷ್ಯರಲ್ಲಿ ಸೊಂಟ, ಮೊಣಕಾಲಿನ ಕೃತಕ ಕೀಲು ಹಾಕಿಸಿಕೊಂಡವರ ಯಕೃತ್ತು ಮತ್ತು ಗುಲ್ಮದಲ್ಲಿ ಲೋಹದ ಕಣಗಳು ಸಿಕ್ಕದ್ದನ್ನು 2000ದಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು.

ಕೃತಕ ಕೀಲಿನ ಮಾತು ಬಂದದ್ದರಿಂದ ಇಲ್ಲೊಂದು ಹೇಳಲೇಬೇಕು. ಭಜನೆಯಲ್ಲಿ ಹುಟ್ಟಿದ ಭಯದ ಬೇರು ಬಹುಶಃ ಅಲ್ಲೇ ಇದೆ. ಜಾನ್ಸನ್ ಅಂಡ್ ಜಾನ್ಸನ್‌ನ ಡೆಪ್ಯೂ ಕಂಪನಿ ತಯಾರಿಸಿದ ಎಎಸ್‌ಆರ್ ಎಂಬ ಸೊಂಟದ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ವಾಪಸು ಪಡೆಯಲಾಯಿತು. ಅದರಲ್ಲಿ ಲೋಹದ ಗುಂಡು ಲೋಹದ ಬಟ್ಟಲೊಳಗೇ ತಿರುಗುತ್ತಿತ್ತು. ಪ್ರತಿ ಹೆಜ್ಜೆಗೂ ಕೋಬಾಲ್ಟ್, ಕ್ರೋಮಿಯಂ ಸವೆದು ಸುತ್ತಲಿನ ಮಾಂಸ ಕೆಡಿಸಿ ರಕ್ತಕ್ಕೆ ಸೇರುತ್ತಿತ್ತು. ನಮ್ಮ ದೇಶದಲ್ಲೇ ಸುಮಾರು 4,700 ಜನರಿಗೆ ಅದನ್ನು ಹಾಕಲಾಗಿತ್ತು. 2018ರ ಕೊನೆಗೆ ಕೇಂದ್ರ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರ ಒಪ್ಪಿತು. ಆ ನೋವು ಸಣ್ಣದಲ್ಲ. ಆದರೆ ಮೈಭಾರ ಹೊತ್ತು ದಿನಕ್ಕೆ ಸಾವಿರಾರು ಸಲ ಉಜ್ಜುವ ಆ ಕೀಲಿಗೂ, ಮೂಳೆಯಲ್ಲಿ ಅಲುಗದೆ ಕೂತ ಒಂದು ಗ್ರಾಮಿಗಿಂತ ಕಡಿಮೆ ತೂಕದ ಟೈಟೇನಿಯಂ ಸ್ಕ್ರೂಗೂ ಹೋಲಿಕೆಯೇ ಸರಿಯಲ್ಲ. ಇದು ಬೇರೆ ಲೋಹ, ಬೇರೆ ಕೆಲಸ. ಹಲ್ಲಿನ ಇಂಪ್ಲಾಂಟ್‌ನಿಂದ ಟೈಟೇನಿಯಂ ಮೆದುಳಿಗೆ ಏರಿ ಕಾಯಿಲೆ ಬಂತು ಎಂಬುದಕ್ಕೆ ಪುರಾವೆ ಇಲ್ಲ.

ಇನ್ನೊಂದು ತಮಾಷೆ ಕೇಳಿ. ಇದೇ ಟೈಟೇನಿಯಂನ ಆಕ್ಸೈಡನ್ನು ಬಿಳುಪು ಬರಲಿ ಎಂದು ಎಷ್ಟೋ ಟೂತ್‌ಪೇಸ್ಟ್, ಮಾತ್ರೆ, ಚೂಯಿಂಗ್ ಗಮ್‌ಗಳಿಗೆ ಸೇರಿಸುತ್ತಾರೆ. ಯುರೋಪಿನವರು 2022ರಲ್ಲಿ ಆಹಾರದಲ್ಲಿ ಅದನ್ನು ನಿಷೇಧಿಸಿದರು. ಲೋಹ ಬೇಡವೆಂದು ಸ್ಕ್ರೂ ಕೀಳಿಸಲು ಹೊರಟ ನಮ್ಮ ಅತ್ತೆ ಮೊಮ್ಮಗನ ಬಣ್ಣದ ಚೂಯಿಂಗ್ ಗಮ್ ಪೊಟ್ಟಣವನ್ನು ತಾವೇ ಅಂಗಡಿಯಿಂದ ತಂದುಕೊಡುತ್ತಿದ್ದರು!

ನಿಜವಾದ ಹೆದರಿಕೆ ಯಾವುದು?

ಇದನ್ನು ನಾನು ತಿಳಿದದ್ದು ಅತ್ತೆಯನ್ನು ದಂತವೈದ್ಯರ ಬಳಿ ಕರೆದುಕೊಂಡು ಹೋದ ದಿನ. ಕೀಳಿಸುವುದಕ್ಕಲ್ಲ, ಧೈರ್ಯ ಹೇಳಿಸುವುದಕ್ಕೆ. ಆ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಬ್ರಷ್ ಮಾಡುವಾಗ ಅಲ್ಲಿ ರಕ್ತ ಬರುತ್ತಾ ಅಮ್ಮಾ?" ಅಂತ. ಅತ್ತೆ ನನ್ನ ಮುಖ ನೋಡಿದರು. "ಮೂರ್ನಾಕು ತಿಂಗಳಿಂದ ಬರ್ತೈತಿ. ನೋವಿಲ್ಲಲ್ಲ, ಅದಕ ಹೇಳಿರಲಿಲ್ಲ" ಎಂದರು. ನನಗೆ ನಾಚಿಕೆಯಾಯಿತು. ಮೆದುಳಿಗೆ ಏರುವ ಲೋಹದ ಬಗ್ಗೆ ಮನೆಯಲ್ಲಿ ಅಷ್ಟು ಚರ್ಚೆ ನಡೆದಿತ್ತು, ಒಸಡಿನ ರಕ್ತದ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ.

ನೋವಿಲ್ಲ ಎಂಬುದೇ ಇದರ ಮೋಸ. ದೇವರು ಕೊಟ್ಟ ಹಲ್ಲಿಗೂ ಮೂಳೆಗೂ ನಡುವೆ ನಾರಿನ ಒಂದು ಮೆತ್ತೆ ಇರುತ್ತದೆ, ಅದರಲ್ಲಿ ನರಗಳಿರುತ್ತವೆ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಹಲ್ಲು ನೋಯುತ್ತದೆ. ಇಂಪ್ಲಾಂಟ್‌ಗೆ ಆ ಮೆತ್ತೆ ಇಲ್ಲ, ನೇರ ಮೂಳೆಗೇ ಅಂಟಿಕೊಂಡಿರುತ್ತದೆ. ಸುತ್ತಲಿನ ಮೂಳೆ ಕರಗುತ್ತಾ ಬಂದರೂ ಕೂಗಿ ಹೇಳುವವರು ಯಾರೂ ಇಲ್ಲ. ಈ ರೋಗಕ್ಕೆ ಪೆರಿ ಇಂಪ್ಲಾಂಟೈಟಿಸ್ ಎನ್ನುತ್ತಾರೆ, ಅಂದರೆ ಇಂಪ್ಲಾಂಟ್ ಸುತ್ತಲಿನ ಉರಿಯೂತ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಇಂಪ್ಲಾಂಟ್ ಹಾಕಿಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಸಣ್ಣ ಸಂಖ್ಯೆಯಲ್ಲ.

ಲೋಹದ ಕಣಗಳ ಕಥೆಯೂ ಬಂದು ಸೇರುವುದು ಇಲ್ಲಿಗೇ. 2017ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು ಆರೋಗ್ಯವಾಗಿದ್ದ ಇಂಪ್ಲಾಂಟ್‌ಗಳಿಗಿಂತ ರೋಗ ಹಿಡಿದ ಇಂಪ್ಲಾಂಟ್‌ಗಳ ಪಾಚಿಯಲ್ಲಿ ಟೈಟೇನಿಯಂ ಸ್ಪಷ್ಟವಾಗಿ ಹೆಚ್ಚಿರುವುದನ್ನು ತೋರಿಸಿತು. ಅರಗಿಸಲಾಗದ ಕಣ ನುಂಗಿದ ಮ್ಯಾಕ್ರೋಫೇಜ್‌ಗಳು ಸಹಾಯಕ್ಕೆ ಕೂಗುತ್ತವೆ, ಆ ಕೂಗಿಗೆ ಮೂಳೆ ಕರಗಿಸುವ ಜೀವಕೋಶಗಳೂ ಎಚ್ಚರವಾಗುತ್ತವೆ. ಹಾಗಂತ ಕಣದಿಂದಲೇ ರೋಗ ಬಂತೋ, ರೋಗದ ಹುಳಿಯಿಂದ ಕಣ ಎದ್ದಿತೋ? ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥ ಪ್ರಶ್ನೆ ಇದು. 2017ರಲ್ಲೇ ಸೇರಿದ್ದ ಒಸಡಿನ ತಜ್ಞರ ವಿಶ್ವ ಕಾರ್ಯಾಗಾರಕ್ಕಾಗಿ ಪುರಾವೆಗಳನ್ನೆಲ್ಲ ಜಾಲಾಡಿದವರು ಕಣಗಳೇ ಕಾರಣ ಎನ್ನಲು ಸಾಕ್ಷ್ಯ ಸಾಲದು ಎಂದರು. ಗೃಹಿಣಿಯಾದ ನನ್ನ ಲೆಕ್ಕ ಮಾತ್ರ ಸರಳ. ಎರಡಕ್ಕೂ ಪೊರಕೆ ಒಂದೇ. ಪಾಚಿ ಕಟ್ಟದಿದ್ದರೆ ಹುಳಿ ಇಲ್ಲ, ಹುಳಿ ಇಲ್ಲದಿದ್ದರೆ ಕೆನೆ ಉಳಿಯುತ್ತದೆ.

ಅತ್ತೆಯ ಹಲ್ಲಿಗೆ ಬರೋಣ. ಎಕ್ಸ್‌ರೇ ತೆಗೆದರು. ಮೂಳೆ ಸ್ವಲ್ಪವೇ ಇಳಿದಿತ್ತು. ಡಾಕ್ಟರಮ್ಮ ಕ್ಯಾಪನ್ನು ಬೆರಳಲ್ಲಿ ಹಿಡಿದು ಅಲುಗಿಸಿದರೆ ಅಲುಗಿತು. ಒಳಗಿನ ಚಿಕ್ಕ ಸ್ಕ್ರೂ ಸಡಿಲಾಗಿತ್ತು! ಅಲ್ಲಿ ಲೋಹ ತಿಕ್ಕುತ್ತಿತ್ತು, ಸಂದಿಯಲ್ಲಿ ಅನ್ನದ ಅಗುಳು ಸೇರಿ ಕೊಳೆಯುತ್ತಿತ್ತು, ಒಸಡು ಬಾತಿತ್ತು. "ಬಿಗಿದರೆ ಸರಿಹೋಗುತ್ತೆ. ಯಾವ ಕಂಪನಿಯ ಇಂಪ್ಲಾಂಟ್ ಇದು? ಕಾರ್ಡ್ ತಂದಿದ್ದೀರಾ?" ಎಂದು ಕೇಳಿದರು.

ಕಾರ್ಡೇ? ನಮ್ಮವರಿಗೆ ಫೋನ್ ಮಾಡಿದೆ, ಅವರಿಗೂ ಗೊತ್ತಿಲ್ಲ. ಹಾಕಿದ ಕ್ಲಿನಿಕ್ ಬಾಗಿಲು ಹಾಕಿ ಎರಡು ವರ್ಷವಾಗಿತ್ತು. ನಮಗೆ ಕೊಟ್ಟದ್ದು ಹಣ ಸಂದಾಯದ ಒಂದು ಚೀಟಿ, ಅದರಲ್ಲಿ "ಇಂಪ್ಲಾಂಟ್ 1" ಎಂದಷ್ಟೇ ಬರೆದಿತ್ತು. ನಿಮಗೆ ಗೊತ್ತಿರಲಿ, ಒಂದೊಂದು ಕಂಪನಿಯ ಸ್ಕ್ರೂಗೂ ಅದರದೇ ಕೀಲಿಕೈ. ಹೆಸರು ಗೊತ್ತಿಲ್ಲದೆ ಕೈ ಹಾಕಿದರೆ ತಲೆ ಸವೆದು ಕೆಲಸ ಕೆಡುತ್ತದೆ. ಡಾಕ್ಟರಮ್ಮ ಎಕ್ಸ್‌ರೇಯಲ್ಲಿ ಕಂಡ ಆಕಾರವನ್ನು ಬೇರೆ ಬೇರೆ ಕಂಪನಿಗಳ ಚಿತ್ರಗಳ ಜೊತೆ ಹೋಲಿಸಿ, ಪರಿಚಯದ ವೈದ್ಯರನ್ನೆಲ್ಲ ಕೇಳಿ ಪತ್ತೆ ಹಚ್ಚಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಅತ್ತೆಗೆ ಗಂಜಿ, ಮೊಸರನ್ನ.

ನೀವು ಮಾಡಬೇಕಾದ್ದು

ಹಾಗಾಗಿ ಮೊದಲ ಮಾತೇ ಕಾರ್ಡು. ಇಂಪ್ಲಾಂಟ್ ಪೊಟ್ಟಣದ ಮೇಲೆ ಕಂಪನಿಯ ಹೆಸರು, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಹಾಕಿಸುವ ದಿನವೇ ಕೇಳಿ ಪಡೆಯಿರಿ, ಸಂಕೋಚ ಬೇಡ. ಸೀರೆ ಕೊಂಡರೆ ಬಿಲ್ಲು ಕೇಳುವುದಿಲ್ಲವೇ? ಈಗಾಗಲೇ ಹಾಕಿಸಿದ್ದರೆ, ಕ್ಲಿನಿಕ್ ಇನ್ನೂ ಇರುವಾಗಲೇ ಹೋಗಿ ಬರೆಸಿಕೊಂಡು ಬನ್ನಿ. ಹಾಕಿದ ದಿನದ ಎಕ್ಸ್‌ರೇ ಕೂಡ ಕೇಳಿ. ಮೂಳೆ ಇಳಿದಿದೆಯೋ ಇಲ್ಲವೋ ಎಂದು ಮುಂದೆ ಹೋಲಿಸಲು ಅದೇ ಆಧಾರ.

ಒಸಡಿನಲ್ಲಿ ರಕ್ತ, ಕೀವು, ಕೆಟ್ಟ ವಾಸನೆ, ಕ್ಯಾಪ್ ಅಲುಗುವುದು, ಅಗಿಯುವಾಗ ಟಕ್ ಎನ್ನುವುದು, ಇದರಲ್ಲಿ ಒಂದು ಕಂಡರೂ ನೋವಿಲ್ಲ ಎಂದು ಸುಮ್ಮನಿರಬೇಡಿ. ಒಸಡು ಬೂದು ಬಣ್ಣಕ್ಕೆ ತಿರುಗಿದ್ದರೆ ತೋರಿಸಿ. ಎಷ್ಟೋ ಸಲ ಒಸಡು ತೆಳುವಾಗಿ ಒಳಗಿನ ಲೋಹದ ನೆರಳು ಕಾಣುತ್ತಿರುತ್ತದೆ ಅಷ್ಟೆ, ಆದರೆ ಅದನ್ನು ಹೇಳಬೇಕಾದವರು ವೈದ್ಯರು. ಏನೂ ತೊಂದರೆ ಇಲ್ಲದಿದ್ದರೂ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸಿ. ಕ್ಲೀನಿಂಗ್‌ಗೆ ಕೂರುವ ಮುಂಚೆ "ಇದು ಇಂಪ್ಲಾಂಟ್, ಸ್ಟೀಲಿನದು ಹಾಕಬೇಡಿ" ಎಂದು ನೆನಪಿಸಿ. ಇದಕ್ಕೆಂದೇ ಪ್ಲಾಸ್ಟಿಕ್ ಮೊನೆಯ ಉಪಕರಣಗಳು, ನಯವಾದ ಪುಡಿಯನ್ನು ಗಾಳಿಯಲ್ಲಿ ಚಿಮುಕಿಸುವ ಯಂತ್ರ ಇವೆ.

ಮನೆಯಲ್ಲಿ ಮೆತ್ತನೆಯ ಬ್ರಷ್ ಸಾಕು. ಸಂದಿಗೆ ಹಾಕುವ ಪುಟ್ಟ ಬ್ರಷ್ ಕೊಳ್ಳುವಾಗ ನಡುವಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದೆಯೇ ನೋಡಿ. ಇದ್ದಿಲು ಪುಡಿ, ಇಟ್ಟಿಗೆ ಪುಡಿ, ಉಪ್ಪು ಹಾಕಿ ತಿಕ್ಕುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ, ಇಂಪ್ಲಾಂಟ್ ಇದ್ದವರು ಕೈಬಿಡಲೇಬೇಕು. ಊಟವಾದ ಮೇಲೆ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಈ ರೋಗ ಹೆಚ್ಚು. ಮುಟ್ಟು ನಿಂತ ಮೇಲೆ ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ತಿನ್ನುತ್ತಿದ್ದರೆ ದವಡೆಗೆ ಕೈ ಹಾಕಿಸುವ ಮುಂಚೆ ಅದನ್ನು ಹೇಳಿ, ಕೆಲವು ಮಾತ್ರೆಗಳಿಂದ ದವಡೆಯ ಗಾಯ ಮಾಯುವುದು ಕಷ್ಟವಾಗುತ್ತದೆ. ಎಂಆರ್‌ಐ ಮಾಡಿಸಲು ಹೇಳಿದರೆ ಹೆದರಬೇಕಿಲ್ಲ. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನನ್ನ ಮಗ ಆಗಲೇ ಪರೀಕ್ಷೆ ಮಾಡಿದ್ದಾನಲ್ಲ. ಆದರೂ ಇಂಪ್ಲಾಂಟ್ ಇದೆ ಎಂದು ಮೊದಲೇ ತಿಳಿಸಿ.

ಓಲೆ ಆಗದವರು ಇಲ್ಲಿ ಕೇಳಿ

ಜಾತ್ರೆಯಲ್ಲಿ ಕೊಂಡ ಓಲೆ ಹಾಕಿದರೆ ಕಿವಿ ತುರಿಸಿ ನೀರು ಒಸರುತ್ತದೆ ಎನ್ನುವವರು ನಮ್ಮಲ್ಲಿ ಎಷ್ಟು ಜನ! ಅದರ ಕಾರಣ ಬಹುತೇಕ ನಿಕ್ಕಲ್. ಕಿವಿ ಚುಚ್ಚಿಸಿಕೊಂಡ ಹೆಣ್ಣುಮಕ್ಕಳಲ್ಲೇ ಈ ಅಲರ್ಜಿ ಹೆಚ್ಚು. ಕಡಿಮೆ ಬೆಲೆಯ ಲೋಹದ ಕ್ಯಾಪ್‌ಗಳು ಹಲವು ಬಾರಿ ನಿಕ್ಕಲ್ ಕ್ರೋಮಿಯಂನವೇ. ನಿಮಗೆ ಓಲೆ, ವಾಚಿನ ಬೆಲ್ಟು ಆಗದಿದ್ದರೆ ಕ್ಯಾಪ್ ಹಾಕಿಸುವ ಮುಂಚೆಯೇ ಹೇಳಿ, ಬೇರೆ ಲೋಹದ್ದೋ ಪಿಂಗಾಣಿಯದ್ದೋ ಹಾಕುತ್ತಾರೆ. ಟೈಟೇನಿಯಂ ಅಲರ್ಜಿ ಮಾತ್ರ ಅಪರೂಪ. ಸ್ಪೇನಿನಲ್ಲಿ 1,500 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಕಂಡದ್ದು 9 ಮಂದಿಯಲ್ಲಿ.

ಲೋಹವೇ ಬೇಡ ಎನ್ನುವವರಿಗೆ ಜಿರ್ಕೋನಿಯಾದ ಬಿಳಿ ಇಂಪ್ಲಾಂಟ್ ಇದೆ. ಅದರಿಂದಲೂ ಕಣ ಬರುವುದಿಲ್ಲ ಎಂದೇನಿಲ್ಲ, ಮುರಿಯುವ ಭಯವೂ ಸ್ವಲ್ಪ ಹೆಚ್ಚು, ಟೈಟೇನಿಯಂನಷ್ಟು ವರ್ಷಗಳ ಅನುಭವವೂ ಅದಕ್ಕಿಲ್ಲ. ಇಂಪ್ಲಾಂಟೇ ಬೇಡವೆಂದರೆ ಪಕ್ಕದ ಹಲ್ಲುಗಳ ಆಸರೆಯ ಬ್ರಿಡ್ಜ್ ಇದೆ, ತೆಗೆದು ಹಾಕುವ ಹಲ್ಲು ಸೆಟ್ಟಿದೆ. ಎಲ್ಲ ಹಲ್ಲು ಕಳೆದುಕೊಂಡ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಸೆಟ್ ಕೊಡಲೆಂದು ನಮ್ಮ ರಾಜ್ಯದಲ್ಲಿ ಶುರುವಾದದ್ದು ದಂತ ಭಾಗ್ಯ ಯೋಜನೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಜ್ಜಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ಹೇಳಿ.

ಚೆನ್ನಾಗಿ ಕೂತ ಇಂಪ್ಲಾಂಟನ್ನು ಬರೀ ಭಯಕ್ಕೆ ಕೀಳಿಸುವ ಮಾತು ಕೇಳಿ ಡಾಕ್ಟರಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. ಮೂಳೆ ಕಚ್ಚಿ ಹಿಡಿದದ್ದನ್ನು ಕೊರೆದೇ ತೆಗೆಯಬೇಕು, ಸುತ್ತಲಿನ ಮೂಳೆಯೂ ಹೋಗುತ್ತದೆ, ಕೊರೆಯುವಾಗ ಏಳುವ ಲೋಹದ ಪುಡಿ ಆರು ವರ್ಷದಲ್ಲಿ ಬಂದದ್ದಕ್ಕಿಂತ ಹೆಚ್ಚಿದ್ದರೂ ಇದ್ದೀತು ಎಂದರು.

ಹನ್ನೆರಡನೆಯ ದಿನ ಸರಿಯಾದ ಕೀಲಿಕೈ ಸಿಕ್ಕಿತು. ಹಳೆಯ ಚಿಕ್ಕ ಸ್ಕ್ರೂ ತೆಗೆದು ಸುತ್ತಲೂ ಶುಚಿ ಮಾಡಿ ಹೊಸದು ಹಾಕಿ, ಇಷ್ಟೇ ಬಲ ಎಂದು ಅಳತೆ ತೋರಿಸುವ ಉಪಕರಣದಿಂದ ಬಿಗಿದರು. ತೆಗೆದ ಹಳೆಯ ಸ್ಕ್ರೂವನ್ನು ಅತ್ತೆ ಕೇಳಿ ಇಸಿದುಕೊಂಡರು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದರೆ ಸಾಸಿವೆ ಕಾಳಿಗಿಂತ ಸ್ವಲ್ಪ ಉದ್ದ. "ಇಷ್ಟಕ್ಕೇನಾ ನಾನು ರೊಟ್ಟಿ ಬಿಟ್ಟಿದ್ದು?" ಅಂದರು. ಮೂರು ತಿಂಗಳ ನಂತರದ ತಪಾಸಣೆಯಲ್ಲಿ ಒಸಡಿನ ರಕ್ತ ನಿಂತಿತ್ತು. ಕಂಪನಿಯ ಹೆಸರು ಬರೆದ ಕಾರ್ಡು ಈಗ ಗ್ಯಾಸ್ ಪುಸ್ತಕ, ರೇಷನ್ ಕಾರ್ಡ್ ಇಟ್ಟ ಡಬ್ಬಿಯಲ್ಲಿದೆ. ಬಲಗಡೆಯಿಂದಲೇ ಚಕ್ಕುಲಿ ಕಡಿಯುತ್ತಾ ಅವರು ಭಜನೆಯ ಗೆಳತಿಯರಿಗೆಲ್ಲ ಒಂದೇ ಪ್ರಶ್ನೆ ಹಾಕುತ್ತಾರೆ, "ನಿಮ್ಮ ಕಾರ್ಡ್ ಎಲ್ಲೈತಿ?"